ಉಚಿತ ಎಡಿಟರ್, ಸ್ವಂತ ಜಾಲತಾಣ: ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಎರಡು ದೊಡ್ಡ ನಗರಗಳ ನಡುವೆ ಓಡಾಡುವ ಪ್ರತಿಯೊಂದು ವಾಹನವೂ ನಮ್ಮ ಪೇಟೆಗಳ ಮೂಲಕವೇ ಹಾದುಹೋಗಬೇಕಾಗಿತ್ತು. ಅಂಗಡಿಯ ಮುಂದಿನ ನಾಮಫಲಕವೇ ನಮ್ಮ ವರ್ತಕರಿಗೆ ಜಾಹೀರಾತಾಗಿತ್ತು. ಈಗ ಮದ್ದೂರಿನಲ್ಲಿ ಮೇಲುಸೇತುವೆ, ಮಂಡ್ಯದಲ್ಲಿ ಬೈಪಾಸ್. ಗ್ರಾಹಕನು ನಮ್ಮ ಫಲಕವನ್ನು ನೋಡದೆಯೇ ಊರು ದಾಟಿ ಹೋಗುತ್ತಾನೆ. ಅವನು ನಮ್ಮನ್ನು ಕಾಣಬೇಕಾದರೆ ಮೊದಲು ತನ್ನ ಮೊಬೈಲಿನಲ್ಲಿ ಕಾಣಬೇಕು.

ಈ ಕಾರಣದಿಂದಲೋ ಏನೋ, ಇತ್ತೀಚೆಗೆ ಲೆಕ್ಕಪತ್ರಗಳ ಕೆಲಸಕ್ಕಾಗಿ ನನ್ನ ಕಚೇರಿಗೆ ಬರುವ ವರ್ತಕರು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳುವುದುಂಟು: "ಸ್ವಾಮಿ, ದುಡ್ಡು ಖರ್ಚಿಲ್ಲದೆ ನಾವೇ ವೆಬ್‌ಸೈಟ್ ಮಾಡಿಕೊಳ್ಳಬಹುದಂತೆ, ಯಾವುದು ಒಳ್ಳೆಯದು?" ನಾನು ಗಣಕ ತಜ್ಞನಲ್ಲ. ಆದರೆ ಇಂತಹ ಜಾಲತಾಣಗಳ ಖರ್ಚಿನ ರಸೀದಿಗಳು ಕೊನೆಗೆ ನನ್ನ ಮೇಜಿನ ಮೇಲೆಯೇ ಬಂದು ಬೀಳುವುದರಿಂದ, ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಕಂಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, "ಯಾವುದು ಸುಲಭ" ಎಂದು ಕೇಳುವ ಮೊದಲು "ಇದನ್ನು ಬಿಟ್ಟು ಹೊರಡುವ ದಿನ ನನ್ನ ಕೈಯಲ್ಲಿ ಏನು ಉಳಿಯುತ್ತದೆ" ಎಂದು ಕೇಳತಕ್ಕದ್ದು.

ಕಂಡಂತೆ ತಿದ್ದುವ ಸಾಧನ

ಜಾಲತಾಣದ ಪುಟವೆಂದರೆ ಮೂಲತಃ ಎಚ್‌ಟಿಎಂಎಲ್ ಎಂಬ ಸಂಕೇತಗಳಲ್ಲಿ ಬರೆದ ಒಂದು ಕಡತ. ಈ ಸಂಕೇತಗಳನ್ನು ಕಲಿಯದವರಿಗಾಗಿ ಹುಟ್ಟಿದ್ದೇ ವಿಷುಯಲ್ ಎಡಿಟರ್. ತೆರೆಯ ಮೇಲೆ ಪುಟವು ಗ್ರಾಹಕನಿಗೆ ಹೇಗೆ ಕಾಣುವುದೋ ಹಾಗೆಯೇ ನಮಗೂ ಕಾಣುತ್ತದೆ. ಚಿತ್ರವನ್ನು ಎಳೆದು ತಂದು ಇಡಬಹುದು, ಅಕ್ಷರವನ್ನು ದಪ್ಪ ಮಾಡಬಹುದು, ಪತ್ರ ಟೈಪು ಮಾಡಿದಷ್ಟೇ ಸಲೀಸು. ಸಂಕೇತಗಳನ್ನು ಎಡಿಟರ್ ತಾನೇ ಬರೆದುಕೊಳ್ಳುತ್ತದೆ.

ಇದು ಹೊಸ ಸಂಗತಿಯೇನಲ್ಲ. ವಿಂಡೋಸ್ 98ರ ಜೊತೆಯಲ್ಲಿ ಫ್ರಂಟ್‌ಪೇಜ್ ಎಕ್ಸ್‌ಪ್ರೆಸ್ ಎಂಬ ಚಿಕ್ಕ ಎಡಿಟರ್ ಪುಕ್ಕಟೆಯಾಗಿ ಬರುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. 2005ರಲ್ಲಿ ಎನ್‌ವ್ಯೂ ಎಂಬ ಮುಕ್ತ ತಂತ್ರಾಂಶ ಬಂದಿತು. ಅದರಿಂದ ಕೊಂಪೋಜರ್ ಹುಟ್ಟಿತು. 2011ರಲ್ಲಿ ಬ್ಲೂಗ್ರಿಫನ್ ಬಂದಿತು. ಇವುಗಳ ಬೆಳವಣಿಗೆ ಎಂದೋ ನಿಂತುಹೋಗಿದೆ. ಆದರೆ ಒಂದು ಮಾತನ್ನು ಗಮನಿಸಬೇಕು. ಈ ಎಡಿಟರುಗಳಲ್ಲಿ ತಯಾರಿಸಿದ ಪುಟಗಳು ಮಾಲೀಕರ ಗಣಕದಲ್ಲಿಯೇ ಕಡತಗಳಾಗಿ ಉಳಿಯುತ್ತಿದ್ದವು. ಎಡಿಟರ್ ಸತ್ತರೂ ಪುಟ ಸಾಯಲಿಲ್ಲ. ಆ ಕಡತವನ್ನು ಇಂದಿಗೂ ತೆರೆಯಬಹುದು, ಬೇರೊಂದು ಎಡಿಟರಿನಲ್ಲಿ ತಿದ್ದಬಹುದು, ಯಾವ ಸರ್ವರಿಗೆ ಬೇಕಾದರೂ ಏರಿಸಬಹುದು.

ಇದಕ್ಕೆ ವ್ಯತಿರಿಕ್ತವಾದದ್ದು ಎರಡನೆಯ ಬಗೆ. ಇಲ್ಲಿ ಎಡಿಟರ್ ನಮ್ಮ ಗಣಕದಲ್ಲಿ ಇರುವುದಿಲ್ಲ. ಯಾವುದೋ ಸಂಸ್ಥೆಯ ತಾಣಕ್ಕೆ ಹೋಗಿ, ಅಲ್ಲಿಯೇ ಪುಟ ಕಟ್ಟಿ, ಅಲ್ಲಿಯೇ ಬಿಟ್ಟು ಬರುತ್ತೇವೆ. ಯಾಹೂ ಒಡೆತನದ ಜಿಯೋಸಿಟೀಸ್ ಇಂತಹುದಾಗಿತ್ತು. 2009ರ ಅಕ್ಟೋಬರಿನಲ್ಲಿ ಅದು ಮುಚ್ಚಿದಾಗ ಲಕ್ಷಗಟ್ಟಲೆ ಪುಟಗಳು ಜೊತೆಗೇ ಹೋದವು. ಅದು ಹಳೆಯ ಕತೆ ಎನ್ನುವವರಿಗೆ ನಮ್ಮ ದೇಶದ್ದೇ ಹೊಸ ಉದಾಹರಣೆಯಿದೆ. 2017ರ ಜನವರಿಯಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಅವರು ದೆಹಲಿಗೆ ಬಂದು, ಭಾರತದ ಸಣ್ಣ ವ್ಯಾಪಾರಿಗಳಿಗೆ ಮೊಬೈಲಿನಿಂದಲೇ ಉಚಿತ ಜಾಲತಾಣ ಕಟ್ಟಿಕೊಳ್ಳುವ ಸೌಲಭ್ಯವನ್ನು ಪ್ರಕಟಿಸಿದರು. ಅಂಗಡಿಯ ವಿವರ ತುಂಬಿದರೆ ನಿಮಿಷಗಳಲ್ಲಿ ಪುಟ ಸಿದ್ಧ. ಇದಕ್ಕಿಂತ ಸುಲಭ ಮತ್ತೊಂದಿರಲಿಲ್ಲ. 2024ರ ಮಾರ್ಚಿನಲ್ಲಿ ಆ ಸಂಸ್ಥೆಯು ಈ ಜಾಲತಾಣಗಳನ್ನೆಲ್ಲ ನಿಲ್ಲಿಸಿತು. ಅದೇ ವರ್ಷದ ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಆಯಾ ಅಂಗಡಿಯ ಗೂಗಲ್ ವಿವರ ಪುಟಕ್ಕೆ ಕಳುಹಿಸಲಾಗುತ್ತಿತ್ತು, ಬಳಿಕ ಅದೂ ನಿಂತಿತು. ಮುನ್ಸೂಚನೆ ಕೊಟ್ಟಿಲ್ಲವೆಂದು ಯಾರೂ ದೂರುವಂತಿಲ್ಲ. ಆದರೆ ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ, ಚೀಲದ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿದವನಿಗೆ ಆದ ನಷ್ಟ ನಷ್ಟವೇ.

(ನಿಂತದ್ದು ಜಾಲತಾಣ ಮಾತ್ರ. ಭೂಪಟದ ಮೇಲೆ ಅಂಗಡಿಯ ಹೆಸರು, ದೂರವಾಣಿ, ವೇಳೆ ತೋರಿಸುವ ಬಿಸಿನೆಸ್ ಪ್ರೊಫೈಲ್ ಈಗಲೂ ಉಚಿತವಾಗಿ ದೊರೆಯುತ್ತದೆ. ಅದನ್ನು ಇನ್ನೂ ಮಾಡಿಸಿಕೊಳ್ಳದ ಸದಸ್ಯರು ಈ ಲೇಖನವನ್ನು ಬದಿಗಿಟ್ಟು ಮೊದಲು ಆ ಕೆಲಸ ಮುಗಿಸುವುದು ಒಳಿತು.)

ಹೆಸರು ಯಾರದು?

ಮಳಿಗೆ ಬಾಡಿಗೆಯದಾದರೂ ವ್ಯಾಪಾರದ ಹೆಸರು ನಮ್ಮದೇ ಆಗಿದ್ದರೆ, ಮಳಿಗೆ ಬದಲಿಸಿದಾಗ ಗಿರಾಕಿ ಹುಡುಕಿಕೊಂಡು ಬರುತ್ತಾನೆ. ಜಾಲತಾಣದಲ್ಲಿಯೂ ಹಾಗೆಯೇ. ಇಲ್ಲಿ ಮೂರು ಸಂಗತಿಗಳು ಬೇರೆ ಬೇರೆ: ವಿಳಾಸ, ಅಂದರೆ ಡೊಮೇನ್ ಹೆಸರು, ಪುಟಗಳು ಇರುವ ಜಾಗ, ಅಂದರೆ ಹೋಸ್ಟಿಂಗ್, ಪುಟಗಳನ್ನು ತಯಾರಿಸುವ ಎಡಿಟರ್. ಉಚಿತವೆಂಬ ಮಾತು ಬಹುಮಟ್ಟಿಗೆ ಮೂರನೆಯದಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದು ಕೆಲವು ಕಡೆ ಉಚಿತ. ಮೊದಲನೆಯದನ್ನು ಮಾತ್ರ ದುಡ್ಡು ಕೊಟ್ಟೇ ಪಡೆಯಬೇಕು, ಪಡೆಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರಿಗೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಮೊದಲ ವರ್ಷ ಅಗ್ಗ, ನವೀಕರಣಕ್ಕೆ ದುಬಾರಿ ಎಂಬ ಪದ್ಧತಿ ಈ ವ್ಯಾಪಾರದಲ್ಲಿ ಸಾಮಾನ್ಯ. ಆದುದರಿಂದ ಎರಡನೆಯ ವರ್ಷದ ದರ ಕೇಳಿಕೊಂಡೇ ಕೊಳ್ಳಿರಿ.

ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂಬ ಹೆಸರನ್ನು ಪಡೆಯುವ ಅವಕಾಶವೂ ಇದೆ. ಅಭಿಮಾನಕ್ಕೆ ಅದು ಸರಿ. ಆದರೆ ಗಿರಾಕಿ ಬೆರಳಚ್ಚಿಸುವುದು ಹೆಚ್ಚಾಗಿ ಇಂಗ್ಲಿಷ್ ಕೀಲಿಮಣೆಯಲ್ಲಿ ಎಂಬುದನ್ನು ನೆನೆದು, ಅದನ್ನು ಎರಡನೆಯ ಹೆಸರಾಗಿ ಇಟ್ಟುಕೊಳ್ಳುವುದು ಮೇಲು.

ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದೇ ಮುಖ್ಯ. ಮದ್ದೂರು ಕಡೆಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಪರಿಚಯದ ಹುಡುಗನಿಂದ ಜಾಲತಾಣ ಮಾಡಿಸಿದ್ದರು. ಕೆಲಸ ಚೆನ್ನಾಗಿತ್ತು, ಖರ್ಚೂ ಕಡಿಮೆ. ನಾಲ್ಕು ವರ್ಷದ ಮೇಲೆ ದೂರವಾಣಿ ಸಂಖ್ಯೆ ಬದಲಿಸಬೇಕೆಂದಾಗ ಹುಡುಗ ಕೆಲಸ ಹಿಡಿದು ಪರದೇಶಕ್ಕೆ ಹೋಗಿದ್ದ. ಡೊಮೇನ್ ಅವನ ಹೆಸರಿನಲ್ಲಿ, ಇಮೇಲ್ ಅವನದು, ಪಾಸ್‌ವರ್ಡ್ ಅವನಿಗೇ ಗೊತ್ತು. ಅವನಲ್ಲಿ ದುರುದ್ದೇಶವೇನೂ ಇರಲಿಲ್ಲ, ನವೀಕರಣದ ದಿನವನ್ನು ಮರೆತನಷ್ಟೆ. ಗಡುವು ಮೀರಿದ ಹೆಸರನ್ನು ಯಾರೋ ಅಪರಿಚಿತರು ಕೊಂಡರು. ಅಕ್ಕಿ ಮೂಟೆಯ ಮೇಲೆ ಅಚ್ಚಾಗಿದ್ದ ವಿಳಾಸವನ್ನು ತೆರೆದರೆ ಜೂಜಿನ ಜಾಹೀರಾತು ಕಾಣಿಸತೊಡಗಿತು. ಮಾಲೀಕರು ಚೀಲಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಿದರು. ಆ ಖರ್ಚನ್ನು ನಾನೇ ಪುಸ್ತಕಕ್ಕೆ ತೆಗೆದುಕೊಂಡೆ.

ಹಾಗಾಗಿ ಡೊಮೇನನ್ನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿರಿ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇದ್ದರೆ ಮಾತ್ರ ಹೂಡುವಳಿ ತೆರಿಗೆಯ ಜಮೆ ದೊರೆಯುವುದೆಂಬುದೂ ಇಲ್ಲಿ ಸೇರಿದ ಲಾಭ.

ಯಾವ ಎಡಿಟರ್?

ಎಲ್ಲರಿಗೂ ಜಾಲತಾಣ ಬೇಕೆಂದು ನಾನು ಹೇಳಲಾರೆ. ಆಲೆಮನೆಯ ಬೆಲ್ಲವನ್ನು ಮಂಡ್ಯದ ಎಪಿಎಂಸಿ ಪ್ರಾಂಗಣದ ಮಂಡಿಗೆ ಹಾಕುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಮಳವಳ್ಳಿಯ ಕಡೆ ರೇಷ್ಮೆ ನೂಲು ತೆಗೆದು ಪರಿಚಯದ ವ್ಯಾಪಾರಿಗಳಿಗೇ ಮಾರುವವರಿಗೂ ಅಷ್ಟೆ. ಆದರೆ ಅದೇ ಬೆಲ್ಲವನ್ನು ಅಚ್ಚು ಮಾಡಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ, ಸ್ವಂತ ಹೆಸರಿಟ್ಟು ಮಾರುವವರಿಗೆ ಬೇಕು. ಕೇಂದ್ರದ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿರುವುದರಿಂದ ಇಂತಹವರ ಸಂಖ್ಯೆ ಬೆಳೆಯುವುದು ಸಹಜ. ಸೋಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವವರಿಗೂ ಬೇಕು. ಹೊರಗಿನ ಖರೀದಿದಾರನು ಆರ್ಡರ್ ಕೊಡುವ ಮುನ್ನ ಸಂಸ್ಥೆ ನಿಜವಾಗಿ ಇದೆಯೇ ಎಂದು ಹುಡುಕಿ ನೋಡುತ್ತಾನೆ.

ಮೂರು ನಾಲ್ಕು ಪುಟ ಸಾಕೆನ್ನುವವರಿಗೆ ಗೂಗಲ್ ಸೈಟ್ಸ್ ಸರಳವಾದುದು. ಜಿಮೇಲ್ ಖಾತೆಯಿದ್ದರೆ ಸಾಕು, ಜಾಹೀರಾತು ಇರುವುದಿಲ್ಲ, ನಮ್ಮ ಸ್ವಂತ ಡೊಮೇನನ್ನು ಜೋಡಿಸಲೂ ಬರುತ್ತದೆ. ಅಂಗಡಿಯಂತೆ ಹಣ ಪಡೆಯುವ ಸೌಕರ್ಯ ಅದರಲ್ಲಿಲ್ಲ, ವಿನ್ಯಾಸದ ಆಯ್ಕೆಯೂ ಕಡಿಮೆ. ಪುಟಗಳು ಆ ಸಂಸ್ಥೆಯಲ್ಲಿಯೇ ಇರುವುದರಿಂದ ಮೇಲೆ ಹೇಳಿದ ಎರಡನೆಯ ಬಗೆಗೇ ಸೇರುತ್ತದೆ. ಆದರೂ ಡೊಮೇನ್ ನಮ್ಮದಾಗಿದ್ದರೆ ಅಪಾಯ ಅರ್ಧ ಕಡಿಮೆ. ನಾಳೆ ಅದು ಮುಚ್ಚಿದರೆ ಅದೇ ವಿಳಾಸವನ್ನು ಬೇರೆ ಕಡೆಗೆ ತಿರುಗಿಸಿದರಾಯಿತು. ಒಂದೇ ಎಚ್ಚರಿಕೆ: ಗುಮಾಸ್ತನ ಸ್ವಂತ ಜಿಮೇಲ್ ಖಾತೆಯಲ್ಲಿ ಇದನ್ನು ಕಟ್ಟಿಸಬೇಡಿರಿ.

ವಿಕ್ಸ್ ಮೊದಲಾದ ತಾಣಗಳ ಎಡಿಟರುಗಳು ನೋಡಲು ಬಹಳ ಆಕರ್ಷಕ. ನನ್ನ ಮಗನ ವಯಸ್ಸಿನವರು ಅದನ್ನೇ ಮೆಚ್ಚುತ್ತಾರೆ. ಆದರೆ ವಿಕ್ಸ್‌ನ ಉಚಿತ ಯೋಜನೆಯಲ್ಲಿ ಪುಟದ ಮೇಲೆ ಅವರ ಜಾಹೀರಾತು ಇರುತ್ತದೆ, ಸ್ವಂತ ಡೊಮೇನನ್ನು ಜೋಡಿಸಲು ಬರುವುದಿಲ್ಲ, ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿಕೊಂಡು ಬೇರೆ ಸರ್ವರಿಗೆ ಹೋಗಲೂ ಆಗುವುದಿಲ್ಲ. ಹಣ ಕೊಟ್ಟರೆ ಮೊದಲ ಎರಡು ತೊಡಕು ಬಗೆಹರಿಯುತ್ತವೆ, ಮೂರನೆಯದು ಉಳಿಯುತ್ತದೆ. ವ್ಯಾಪಾರದ ತಾಣಕ್ಕೆ ಇವುಗಳ ಉಚಿತ ಯೋಜನೆಯನ್ನು ನಾನು ಸಲಹೆ ಮಾಡಲಾರೆ.

ವರ್ಡ್‌ಪ್ರೆಸ್ ವಿಷಯದಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಆ ಹೆಸರಿನಲ್ಲಿ ಎರಡು ಸಂಗತಿಗಳಿವೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಸಂಸ್ಥೆ ನಡೆಸುವ ಸೇವೆ. ಅದರ ಉಚಿತ ಯೋಜನೆಯಲ್ಲಿ ಅವರ ಹೆಸರು ಸೇರಿದ ವಿಳಾಸ, ಅವರ ಜಾಹೀರಾತು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ದೊರೆಯುವುದು 2003ರಿಂದ ಬೆಳೆದು ಬಂದ ಮುಕ್ತ ತಂತ್ರಾಂಶ. ಅದನ್ನು ಪುಕ್ಕಟೆಯಾಗಿ ಪಡೆದು, ನಾವು ಬಾಡಿಗೆಗೆ ಹಿಡಿದ ಯಾವುದೇ ಹೋಸ್ಟಿಂಗ್ ಜಾಗದಲ್ಲಿ ಸ್ಥಾಪಿಸಬಹುದು. ಜಾಗದ ಬಾಡಿಗೆ ವರ್ಷಕ್ಕೆ ಕೆಲವು ಸಾವಿರ ಆಗುತ್ತದೆ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಿಂದ ಅದರಲ್ಲಿ ಬ್ಲಾಕ್ ಎಡಿಟರ್ ಸೇರಿದೆ. ಒಂದು ಇಟ್ಟಿಗೆ ಚಿತ್ರ, ಒಂದು ಇಟ್ಟಿಗೆ ಬರಹ, ಒಂದು ಇಟ್ಟಿಗೆ ದರಪಟ್ಟಿ ಎಂಬಂತೆ ಪುಟವನ್ನು ಕಟ್ಟಬಹುದು. ಇದೇ ಸಾಕು. ಇದರ ಮೇಲೆ ಇನ್ನೊಂದು ಪೇಜ್ ಬಿಲ್ಡರ್ ಹೇರಿಸುವುದು ವಿನ್ಯಾಸಕಾರರ ವಾಡಿಕೆ. ಪುಟ ಭಾರವಾಗಿ ನಿಧಾನವಾಗುವುದು ಗಿರಾಕಿಯ ಪಾಲು.

ಸ್ವಂತ ವರ್ಡ್‌ಪ್ರೆಸ್‌ನಲ್ಲಿ ಹೊಣೆಯೂ ಸ್ವಂತದ್ದೇ. ತಂತ್ರಾಂಶವನ್ನೂ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸದಿದ್ದರೆ ಕಳ್ಳರು ಒಳನುಗ್ಗುತ್ತಾರೆ. ತಿಂಗಳಿಗೊಮ್ಮೆಯಾದರೂ ಒಳಹೊಕ್ಕು ನೋಡುವವರಿಲ್ಲದ ಸಂಸ್ಥೆಗೆ ಇದು ಸಲ್ಲದು. ಅಂತಹವರು ಪಬ್ಲಿ ಎಂಬ ಉಚಿತ ಮುಕ್ತ ತಂತ್ರಾಂಶವನ್ನು ಪರಿಶೀಲಿಸಬಹುದು. ಇದು ಹಳೆಯ ಫ್ರಂಟ್‌ಪೇಜ್‌ನಂತೆ ನಮ್ಮ ಗಣಕದಲ್ಲಿಯೇ ಕುಳಿತು ಕೆಲಸ ಮಾಡುತ್ತದೆ, ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ನಡೆಯುತ್ತದೆ. ಕಂಡಂತೆ ತಿದ್ದುವ ಎಡಿಟರ್ ಅದರಲ್ಲಿದೆ. ಪುಟಗಳು ಸಿದ್ಧ ಕಡತಗಳಾಗಿ ಹೊರಬರುವುದರಿಂದ ಸರ್ವರಿನಲ್ಲಿ ಒಡೆಯಲು ಬೀಗವೇ ಇರುವುದಿಲ್ಲ. ಅಚ್ಚುಮೆಚ್ಚಿನ ಕೊರತೆಯೆಂದರೆ, ಅದೇ ಗಣಕದ ಮುಂದೆ ಕುಳಿತರೆ ಮಾತ್ರ ತಿದ್ದಲು ಅನುಕೂಲ. ಗಣಕ ಕೆಟ್ಟರೆ, ಪ್ರತಿ ಇಟ್ಟುಕೊಳ್ಳದವನ ಮೂಲವೂ ಹೋಯಿತು. ಈ ಸಿದ್ಧ ಪುಟಗಳನ್ನು ಗಿಟ್‌ಹಬ್‌ನ ಉಚಿತ ಜಾಗದಲ್ಲಿ ಇಡಬಹುದೆಂದು ಕೆಲವರು ಸಲಹೆ ಕೊಡುತ್ತಾರೆ. ಆ ಸಂಸ್ಥೆಯ ನಿಯಮಗಳಲ್ಲಿ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸತಕ್ಕದ್ದಲ್ಲವೆಂದು ಬರೆದಿದೆ. ನಿಯಮ ಓದಿಯೇ ಮುಂದುವರಿಯಿರಿ.

ಸೀಮಂಕಿ ಜೊತೆಗೆ ಬರುವ ಕಂಪೋಸರ್ ಇನ್ನೂ ಉಚಿತವಾಗಿ ದೊರೆಯುತ್ತದೆ. ಆದರೆ ಅದು ಮೊಬೈಲು ಬರುವುದಕ್ಕಿಂತ ಹಿಂದಿನ ಕಾಲದ ಪುಟ ಬರೆಯುತ್ತದೆ. ಹಳೆಯ ಕಡತ ತಿದ್ದಲು ಇರಲಿ, ಹೊಸದಕ್ಕೆ ಬೇಡ.

ಒಂದು ಭಾನುವಾರದ ಪರೀಕ್ಷೆ

ಯಾರ ಮಾತನ್ನೂ, ನನ್ನ ಮಾತನ್ನೂ ಸೇರಿಸಿ, ನಂಬಿ ಆಯ್ಕೆ ಮಾಡಬೇಕಾಗಿಲ್ಲ. ಒಂದು ಭಾನುವಾರ ಕುಳಿತು, ಮೆಚ್ಚಿಗೆಯಾದ ಎರಡು ಎಡಿಟರುಗಳಲ್ಲಿ ಒಂದೊಂದು ಪುಟ ಕಟ್ಟಿ ನೋಡಿರಿ: ಒಂದು ಸರಕಿನ ಚಿತ್ರ, ನಾಲ್ಕು ಸಾಲು ಕನ್ನಡ, ದರ, ದೂರವಾಣಿ, ವಾಟ್ಸಾಪ್ ಕೊಂಡಿ. ನಂತರ ಆ ಪುಟವನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲು ಪ್ರಯತ್ನಿಸಿರಿ. ಇಳಿಸಿಕೊಳ್ಳಲು ಬಂದರೆ ಅದು ನಿಮ್ಮದು. ಬಾರದಿದ್ದರೆ ಬಾಡಿಗೆಯದು ಎಂದು ತಿಳಿದೇ ಬಳಸಿರಿ. ಪುಟವನ್ನು ಕಡಿಮೆ ಬೆಲೆಯ ಮೊಬೈಲಿನಲ್ಲಿ, ಸಿಗ್ನಲ್ ಕಡಿಮೆಯಿರುವ ಕಡೆ ನಿಂತು ತೆರೆಯಿರಿ. ಹತ್ತು ಎಣಿಸುವುದರೊಳಗೆ ದೂರವಾಣಿ ಸಂಖ್ಯೆ ಕಾಣಿಸದಿದ್ದರೆ ಚಿತ್ರದ ಗಾತ್ರ ಇಳಿಸಬೇಕೆಂದು ಅರ್ಥ. ಕೊನೆಯದಾಗಿ, ಅಂಗಡಿಯ ಇನ್ನೊಬ್ಬರನ್ನು ಕೂರಿಸಿ ದರವನ್ನು ಬದಲಿಸಲು ಹೇಳಿರಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡದೆ ಅವರು ಬದಲಿಸಿದರೆ ಎಡಿಟರ್ ಪಾಸಾಯಿತು.

ಕನ್ನಡದ ವಿಷಯದಲ್ಲಿ ನಮ್ಮ ಕಡೆ ಒಂದು ವಿಶೇಷ ತೊಡಕಿದೆ. ಕರಪತ್ರ, ಲೇಬಲ್ಲುಗಳ ಬರಹವನ್ನು ನಾವು ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡಿಸಿರುತ್ತೇವೆ. ಆ ಬರಹವನ್ನು ಹಾಗೆಯೇ ತಂದು ಜಾಲಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಅದು ಕನ್ನಡವೆಂದು ಹುಡುಕುವ ಯಂತ್ರಕ್ಕೂ ತಿಳಿಯುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತನೆಯ ನಂತರ ಅರ್ಕಾವೊತ್ತುಗಳನ್ನೂ ಒತ್ತಕ್ಷರಗಳನ್ನೂ ಒಂದೊಂದಾಗಿ ಓದಿ ನೋಡಿರಿ, ತಪ್ಪು ನುಸುಳುವುದು ಅಲ್ಲಿಯೇ. ಕೆಲವರು ಈ ತೊಂದರೆ ತಪ್ಪಿಸಲು ಕರಪತ್ರವನ್ನೇ ಚಿತ್ರವಾಗಿ ಏರಿಸುತ್ತಾರೆ. ಚಿತ್ರದೊಳಗಿನ ಬೆಲ್ಲವನ್ನು ಹುಡುಕುವವನಿಗೆ ಸಿಗುವ ಭರವಸೆಯಿಲ್ಲ, ಅದರಲ್ಲಿರುವ ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆಯೂ ಹೋಗುವುದಿಲ್ಲ.

ಪುಟದ ಮೇಲೆ ಏನು ಬರೆಯುತ್ತೀರಿ?

ಸಿದ್ಧ ವಿನ್ಯಾಸಗಳಲ್ಲಿ "ದೇಶದಾದ್ಯಂತ ಸರಬರಾಜು" ಎಂಬ ಅರ್ಥದ ಸಾಲು ಮೊದಲೇ ಇರುವುದುಂಟು. ಅಳಿಸದೆ ಬಿಡುತ್ತಾರೆ. ಜಿಎಸ್‌ಟಿ ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹೊಸೂರಿನ ಒಬ್ಬ ಗಿರಾಕಿ ಆರ್ಡರ್ ಹಾಕಿ, ನೀವು ಪಾರ್ಸೆಲ್ ಕಳುಹಿಸಿದರೆ ಆ ಪದ್ಧತಿಯ ಅರ್ಹತೆಗೇ ಧಕ್ಕೆ. ನೋಂದಣಿಯೇ ಇಲ್ಲದವರೂ ಅಷ್ಟೆ: ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ವಹಿವಾಟಿನ ಮಿತಿ ಅನ್ವಯಿಸುವುದಿಲ್ಲ, ನೋಂದಣಿ ಕಡ್ಡಾಯ. ಪೊಟ್ಟಣ ಕಟ್ಟಿ ಲೇಬಲ್ ಹಾಕಿದ ಬೆಲ್ಲವು 2022ರ ಜುಲೈ 18ರಿಂದ ತೆರಿಗೆಯ ವ್ಯಾಪ್ತಿಗೆ ಬಂದಿರುವುದನ್ನು ಬೆಲ್ಲದ ವರ್ತಕರು ಇದರೊಂದಿಗೆ ಸೇರಿಸಿ ಓದಿಕೊಳ್ಳಬೇಕು.

ಜಾಲತಾಣದಲ್ಲಿ ನೇರ ಮಾರಾಟ ಮಾಡುವವರು ಪೊಟ್ಟಣದ ಸರಕಿನ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ ಮುಂತಾದುವನ್ನು ಪುಟದ ಮೇಲೆಯೂ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಗೆ ಬಂದಿದೆ. ದೂರು ಸ್ವೀಕರಿಸುವವರ ಹೆಸರು ಮತ್ತು ಸಂಪರ್ಕವನ್ನು ಕೊಡಬೇಕೆಂದು 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. ಇವಕ್ಕೆಲ್ಲ ಜಾಗವಿರುವ ವಿನ್ಯಾಸವನ್ನೇ ಆರಿಸಿರಿ. ದೊಡ್ಡ ಚಿತ್ರವೊಂದು ಇಡೀ ತೆರೆಯನ್ನು ನುಂಗುವ ವಿನ್ಯಾಸಗಳಲ್ಲಿ ಇದು ಕಷ್ಟ.

ಉಚಿತದಿಂದ ಆರಂಭಿಸಿ ಮುಂದೆ ಹಣ ಕೊಡುವ ಯೋಜನೆಗೆ ಏರಿದವರಿಗೆ ಇನ್ನೊಂದು ಮಾತು. ಬಿಲ್ಲು ವಿದೇಶದ ಸಂಸ್ಥೆಯಿಂದ ಬಂದು, ಅದರಲ್ಲಿ ತೆರಿಗೆ ವಿಧಿಸಿರದಿದ್ದರೆ, ನೋಂದಾಯಿತ ವರ್ತಕರು ಹಿಮ್ಮುಖ ಪಾವತಿಯ ನಿಯಮದಂತೆ ತಾವೇ ತೆರಿಗೆ ಕಟ್ಟಬೇಕಾಗುತ್ತದೆ. ಸಾಮಾನ್ಯ ವರ್ತಕರಿಗೆ ಅದು ಜಮೆಯಾಗಿ ಹಿಂದಿರುಗುತ್ತದೆ, ರಾಜಿ ಪದ್ಧತಿಯವರಿಗೆ ಹಿಂದಿರುಗುವುದಿಲ್ಲ. ಹಾಗೆಯೇ, ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುತ್ತದೆಂದು ನಂಬಿ ಕೂರಬೇಡಿರಿ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾದ ಮೇಲೆ, ಸರಿಯಾಗಿ ನೋಂದಾಯಿಸದ ಪುನರಾವರ್ತಿತ ಪಾವತಿಗಳು ತಿರಸ್ಕೃತವಾಗುತ್ತವೆ. ತಿರಸ್ಕೃತವಾದ ಸುದ್ದಿ ಬರುವುದು ಯಾರೂ ತೆರೆದು ನೋಡದ ಇಮೇಲಿಗೆ.

ನಮ್ಮ ಕಚೇರಿಯಲ್ಲಿ ಕಕ್ಷಿದಾರರ ತೆರಿಗೆ ಗಡುವುಗಳನ್ನು ಬರೆದಿಡುವ ಒಂದು ಪಟ್ಟಿಯಿದೆ. ಅಕ್ಕಿ ಗಿರಣಿಯ ಪ್ರಸಂಗದ ನಂತರ ಅದರಲ್ಲಿ ಒಂದು ಕಲಂ ಹೆಚ್ಚಿಸಿದ್ದೇವೆ: ಡೊಮೇನ್ ಮುಗಿಯುವ ದಿನಾಂಕ, ಅದು ಯಾರ ಹೆಸರಿನಲ್ಲಿದೆ, ಪುಟಗಳ ಪ್ರತಿ ಕೊನೆಯದಾಗಿ ಎಂದು ತೆಗೆದದ್ದು. ಸದಸ್ಯರು ತಮ್ಮ ತಮ್ಮ ಲೆಕ್ಕಪರಿಶೋಧಕರಿಗೂ ಈ ಮೂರು ವಿವರಗಳನ್ನು ಒಮ್ಮೆ ಬರೆದುಕೊಡಬಹುದು.